ಗಿಟಾರಿಗೆ ಸಿಕ್ಕ ಶರೀಫಜ್ಜ

ಗದಗ-ಬೆಟಗೇರಿ ಎಂದರೆ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು, ಭೀಮಸೇನ ಜೋಶಿ. ಇಂಥ ಊರಲ್ಲಿ ರಾಕ್, ಎಲೆಕ್ಟ್ರಾನಿಕ್ ಎಂದರೆ ಹಿರಿಯರು ಹುಬ್ಬು ಗಂಟಿಕ್ಕಿಯಾರು. ಆದರೆ ಇಂದು ಭಜನಿ ಮೇಳದ ಜೀವವೇ ಆಗಿರುವ ಪೇಟಿಯನ್ನೂ (ಹಾರ್ಮೋನಿಯಂ) ಆಕಾಶವಾಣಿ 1940ರಲ್ಲಿ ಪರದೇಶಿ ಎಂದು ಹೊರಗಿಟ್ಟಿತ್ತು, ಮತ್ತೆ ಒಳಗೆ ಬಿಟ್ಟುಕೊಳ್ಳಲು 1971 ಬರಬೇಕಾಯಿತು!

ಕನ್ನಡದಲ್ಲಿ ವಿಚಿತ್ರವೂ ಉಲ್ಲಾಸದ್ದೂ ಆದ ಧ್ವನಿ ಮೊದಲು ಸಿನಿಮಾದ ಬಾಗಿಲಿಂದ ಬಂತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಜಿ.ಕೆ. ವೆಂಕಟೇಶ್ ರಾಜಕುಮಾರರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ಅದನ್ನು ಕೇಳಿ ಈಗಲೂ ಜನ ನಗುತ್ತಾರೆ, ನಗುತ್ತಲೇ ಮತ್ತೆ ಹಾಕುತ್ತಾರೆ. ಕನ್ನಡದ ಆಚೆ, 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ಯಮನ್, ಭೈರವ ಮೊದಲಾದ ಹತ್ತು ರಾಗಗಳನ್ನು ಸಿಂಥಸೈಜರಿಗೆ ಹಾಕಿ ಡಿಸ್ಕೊ ತಾಳದಲ್ಲಿ ನುಡಿಸಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಆಶ್ರಮದ ವಿದ್ಯಾರ್ಥಿಗಳು ಕೇಳಲೇಬೇಕಾದ ಆಲ್ಬಂ ಇದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಯಾಕ್ಸೊಫೋನಿಗ ಚಾರ್ಲಿ ಮರಿಯಾನೊ ಜತೆ 1983ರಲ್ಲಿ 'ಜ್ಯೋತಿ' ತಂದಿತು. ಗಂಭೀರ ಕೃತಿ, ನಗು ಕಡಿಮೆ. 1987ರ 'ಪ್ರೇಮಲೋಕ' ಕ್ಯಾಸೆಟ್ಟಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ, ಹಂಸಲೇಖರ ಆ ಹಾಡುಗಳು ಕೇಳದ ಓಣಿಯಿಲ್ಲ.

ನಿಜವಾದ ತಿರುವು ಬಂದದ್ದು ಲಕ್ಷ್ಮೇಶ್ವರದ ಮಗ್ಗುಲಿನ ಶಿಶುವಿನಹಾಳದಿಂದ. ಶರೀಫರ (1819–1889) ತತ್ವಪದಗಳು ಅಲ್ಲಿಂದ ಶಿರಹಟ್ಟಿ, ಮುಂಡರಗಿ ಕಡೆಯ ಭಜನೆಗಳಿಗೆ ಹರಿದವು. ಸಿ. ಅಶ್ವತ್ಥ್ ಅವನ್ನು ನಾಡಿಗೆಲ್ಲ ಮುಟ್ಟಿಸಿದರು. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ 'ಗುಡುಗುಡಿಯ ಸೇದಿ ನೋಡೊ', 'ಸೋರುತಿಹುದು ಮನೆಯ ಮಾಳಿಗಿ' ಎರಡನ್ನೂ ಗಿಟಾರಿಗೆ ತಂದರು. 2013ರ 'ಜಗ್ ಚಂಗಾ'ದಲ್ಲಿ 'ಕೋಡಗನ ಕೋಳಿ ನುಂಗಿತ್ತ' ಸೇರಿತು. ನನಗೆ ಹೆಚ್ಚು ಹಿಡಿಸಿದ್ದು ಇದೇ. ಕೋಳಿ ಕೋತಿಯನ್ನು ನುಂಗುವ ಮಾತಿಗೆ ರಾಕ್‌ನ ಹುಚ್ಚು ಲಯ ಎಷ್ಟು ಸಹಜವಾಗಿ ಹೊಂದುತ್ತದೆ! ಭಕ್ತಿ ಕೆಟ್ಟಿತೆಂದು ಗೊಣಗುವವರಿದ್ದಾರೆ. ತತ್ವಪದ ಬರೀ ಭಕ್ತಿಯಾಗಿ ಇದ್ದದ್ದಾದರೂ ಯಾವಾಗ? ಅಲ್ಲಮನ ಬೆಡಗಿನ ವಚನಗಳಿಂದಲೂ ನಮ್ಮಲ್ಲಿ ಅನುಭಾವ ಒಗಟಿನ ವೇಷದಲ್ಲೇ ಓಡಾಡಿದೆ. ಮೊದಲು ನಗು, ಅರ್ಥ ಆಮೇಲೆ. ಹಿಂದೂ-ಮುಸ್ಲಿಂ ಸಾಮರಸ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠದ ಸೀಮೆಯವರಿಗೆ ಬೆರಕೆಯ ಬಗ್ಗೆ ನಾನು ಪಾಠ ಹೇಳಬೇಕಿಲ್ಲ.

ಇದೇ ಬೆರಕೆಯ ಹಾದಿಯಲ್ಲಿ 2009ರಲ್ಲಿ ಸ್ವರಾತ್ಮ ತಂಡದ ಮೊದಲ ಆಲ್ಬಂ ಬಂತು. ಸಿನಿಮಾದಲ್ಲಿ ಪ್ರಯೋಗದ ಧೈರ್ಯ ಹೆಚ್ಚಾಗಿ ಕಂಡದ್ದು ಸಂಗೀತ ನಿರ್ದೇಶಕ ಚರಣ್ ರಾಜ್ ಅವರಲ್ಲಿ. 2021ರ 'ಸಲಗ'ದಲ್ಲಿ ಉತ್ತರ ಕನ್ನಡದ ಸಿದ್ದಿಗಳ ದನಿಯನ್ನು ಅವರು ಅಲಂಕಾರಕ್ಕೆ ಬಳಸದೆ ಹಾಡಿನ ಬೆನ್ನೆಲುಬಾಗಿಸಿದರು.

ಹೊಸಬರು 'ಜಗ್ ಚಂಗಾ'ದಿಂದ ಶುರುಮಾಡಿ, ಆಮೇಲೆ ಚರಣಜಿತ್ ಸಿಂಗ್. 'ಜ್ಯೋತಿ'ಗೆ ಅವಸರವಿಲ್ಲ. ಎಲ್ಲಕ್ಕೂ ಮೊದಲು ನಿಮ್ಮೂರ ಭಜನಿ ಮೇಳದಲ್ಲಿ ಅದೇ ಕೋಡಗನ ಪದವನ್ನೊಮ್ಮೆ ಕೇಳಿ ಬನ್ನಿ.