ಕರೇಜಿನ ನೀರು, ಕರೇಜಿನ ಕಾನೂನು

ನೆಲದಡಿಯ ನೀರನ್ನು ಮೇಲೆತ್ತದೆ, ಇಳಿಜಾರಿನಲ್ಲೇ ಹರಿಸಿಕೊಂಡು ಬರುವ ಸುರಂಗ ಕಾಲುವೆಗೆ ಕರೇಜ್ ಎಂದು ಹೆಸರು. ಇದರ ತವರು ಇರಾನ್. ಅಲ್ಲಿ ಕನಾತ್ ಎಂಬ ಹೆಸರೂ ಉಂಟು. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ ನೀರಿನ ಮಟ್ಟ ನೋಡುತ್ತಾರೆ. ಆಮೇಲೆ ನೀರು ಹೊರಬೀಳಬೇಕಾದ ತಗ್ಗಿನಿಂದ ತಾಯಿಬಾವಿಯ ಕಡೆಗೆ ಸುರಂಗ ಕೊರೆಯುತ್ತಾರೆ. ಮಣ್ಣೆತ್ತಲು ಮತ್ತು ಉಸಿರಾಟಕ್ಕೆ ನಡುನಡುವೆ ಗಾಳಿಬಾವಿಗಳು. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಈ ಅಳತೆ ಬಲ್ಲ ಕುಶಲಕರ್ಮಿಯೇ ಮುಕನ್ನಿ. ಇರಾನಿನ ಗೊನಾಬಾದಿನ ಕನಾತಿನ ತಾಯಿಬಾವಿ 300 ಮೀಟರಿಗಿಂತ ಆಳ. ಸುರಂಗದ ಉದ್ದ ಸುಮಾರು 33 ಕಿ.ಮೀ.

ಬರಡು ನೆಲಕ್ಕೆ ನೀರು ತಂದವರಿಗೆ ಐದು ತಲೆಮಾರಿನ ತನಕ ಆ ಭೂಮಿಯ ಅನುಭೋಗವನ್ನು ಪರ್ಷಿಯದ ದೊರೆಗಳು ಬಿಟ್ಟುಕೊಟ್ಟಿದ್ದರೆಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಸುಮಾರು 1017ರಲ್ಲಿ ಗಣಿತಜ್ಞ ಅಲ್ ಕರಜಿ ಅಂತರ್ಜಲವನ್ನು ಹೊರತೆಗೆಯುವ ವಿದ್ಯೆಯ ಮೇಲೆ ಒಂದು ಗ್ರಂಥವನ್ನೇ ರಚಿಸಿದ.

ಆದರೆ ಕನಾತ್ ಸಾವಿರಾರು ವರ್ಷ ಬಾಳಿದ್ದಕ್ಕೆ ಅಗೆಯುವ ವಿದ್ಯೆಯೊಂದೇ ಕಾರಣವಲ್ಲ. ಪ್ರತಿ ಬಾವಿ, ಕನಾತಿನ ಸುತ್ತ 'ಹರೀಮ್' ಎಂಬ ರಕ್ಷಿತ ಎಲ್ಲೆ ಇರುತ್ತಿತ್ತು; ಅದರೊಳಗೆ ಬೇರೊಬ್ಬರು ಅಗೆಯುವಂತಿರಲಿಲ್ಲ. ಸಡಿಲ ಮಣ್ಣಿನಲ್ಲಿ ನೀರು ಬೇಗ ಸೆಳೆದುಹೋಗುವುದರಿಂದ ಅಲ್ಲಿ ಎಲ್ಲೆ ದೊಡ್ಡದು, ಗಟ್ಟಿ ನೆಲದಲ್ಲಿ ಚಿಕ್ಕದು. 1928ರ ಇರಾನಿನ ಸಿವಿಲ್ ಸಂಹಿತೆ ಈ ಹಳೆಯ ಕಟ್ಟಳೆಯನ್ನೇ ಎತ್ತಿಕೊಂಡಿತು: ಕನಾತಿಗೆ ಸಡಿಲ ನೆಲದಲ್ಲಿ ಪ್ರತಿ ಬದಿಗೆ 500 ಗಜ, ಗಟ್ಟಿ ನೆಲದಲ್ಲಿ 250 ಗಜ. ಅಷ್ಟರಿಂದಲೂ ಹಾನಿ ತಪ್ಪದಿದ್ದರೆ ಅಂತರವನ್ನು ಬೇಕಾದಷ್ಟು ಹೆಚ್ಚಿಸಬೇಕೆಂಬ ಮಾತೂ ಅದರಲ್ಲಿದೆ. ಭೂವಿಜ್ಞಾನದ ಉಪಕರಣಗಳಿಲ್ಲದ ಕಾಲದಲ್ಲಿ ಹುಟ್ಟಿದ ಈ ವಿವೇಚನೆ ಮೆಚ್ಚತಕ್ಕದ್ದು. ತಾನಾಗಿ ಹರಿದು ಬಂದದ್ದಷ್ಟೇ ಕನಾತಿಗೆ ಸಿಗುತ್ತದೆಂಬುದು ಇನ್ನೊಂದು ಕಾವಲು. ಚಳಿಗಾಲದಲ್ಲಿ ಬೇಡವಾದಾಗಲೂ ನೀರು ಹರಿದೇ ಹೋಗುತ್ತಿತ್ತು ಎಂಬ ಕೊರತೆಯನ್ನೂ ಒಪ್ಪಬೇಕು.

ಈ ವಿದ್ಯೆ ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿಗೆ ಬಂತು. 15ನೆಯ ಶತಮಾನದಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಆಸ್ಥಾನಕ್ಕೆ ಇರಾನಿನಿಂದ ಜನ ಬರುತ್ತಿದ್ದ ಕಾಲವದು. ಬೀದರಿನ ನೆಲವೂ ಈ ಕೆಲಸಕ್ಕೆ ಒಗ್ಗುವಂಥದ್ದು. ಮೇಲೆ ತೂತುತೂತಾದ ಜಂಬಿಟ್ಟಿಗೆ ಕಲ್ಲು, ಅಡಿಯಲ್ಲಿ ನೀರು ಬಿಡದ ಬಸಾಲ್ಟ್. ಮಳೆನೀರು ಮೇಲಿನ ಪದರದಲ್ಲಿ ಇಳಿದು ಎರಡರ ನಡುವೆ ನಿಲ್ಲುತ್ತದೆ. ಬೀದರಿನ ಕರೇಜುಗಳಲ್ಲಿ ನೌಬಾದಿನದು ಈಗ ಹೆಚ್ಚು ಪ್ರಸಿದ್ಧ. ಬಹುಕಾಲ ಹೂಳು ತುಂಬಿದ್ದ ಅದನ್ನು ಕಳೆದ ದಶಕದಲ್ಲಿ ತೆರವು ಮಾಡಲಾಯಿತು.

ವಿದ್ಯೆಯ ಬೆನ್ನಿಗೆ ಹರೀಮಿನಂಥ ಕಾನೂನು ಭಾರತದಲ್ಲಿ ನೆಲೆಯೂರಲಿಲ್ಲ. ಬಂದದ್ದು ಇಂಗ್ಲೆಂಡಿನ ನ್ಯಾಯ. ಕಲ್ಲಿದ್ದಲು ಗಣಿಯಿಂದ ನೆರೆಯ ಹತ್ತಿ ಗಿರಣಿಯ ಬಾವಿ ಬತ್ತಿದಾಗ, 1843ರಲ್ಲಿ ಅಲ್ಲಿನ ನ್ಯಾಯಾಲಯ ಗಣಿಯವರದು ತಪ್ಪಲ್ಲವೆಂದಿತು. ಅದೇ ಜಾಡಿನಲ್ಲಿ, ಗೊತ್ತಾದ ಕಾಲುವೆಯಲ್ಲಿ ಹರಿಯದ ಭೂಗತ ನೀರನ್ನೆಲ್ಲ ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳುವುದು ಭೂಮಾಲೀಕನ ಹಕ್ಕೆಂದು 1882ರ ಭಾರತೀಯ ಈಸ್‌ಮೆಂಟ್ ಕಾಯಿದೆ ಹೇಳಿತು. ಅಗೆತ ಗುದ್ದಲಿಯಲ್ಲಿ ನಡೆಯುತ್ತಿದ್ದಾಗ ಇದರ ಅಪಾಯ ಅಷ್ಟಾಗಿ ಕಾಣಲಿಲ್ಲ. ಕೊಳವೆ ಬಾವಿ, ವಿದ್ಯುತ್ ಪಂಪು ಬಂದ ಮೇಲೆ ಕಂಡಿತು.

ಇರಾನನ್ನೂ ಪಂಪು ಬಿಡಲಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಆಳದ ಬಾವಿಗಳು ಹೆಚ್ಚಿದಂತೆ ಎಷ್ಟೋ ಕನಾತುಗಳು ಬತ್ತಿದವು. ಉಳಿದವುಗಳಲ್ಲಿ 11 ಕನಾತುಗಳು 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇತ್ತ ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯಿದೆ ಮಾಡಿ, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಕಡ್ಡಾಯಗೊಳಿಸಿತು. 1882ರ ಕಾಯಿದೆಯೂ ಜಾರಿಯಲ್ಲೇ ಇದೆ.