ಪ್ರವಾಸದ ಪಾದರಕ್ಷೆ: ಪಡುಬಿದ್ರಿ ಸುತ್ತಿನ ನಡಿಗೆಗೆ

ದಿನವಿಡೀ ನಡೆದು, ನಿಂತು, ಮೆಟ್ಟಿಲು ಹತ್ತಿಳಿದು ಊರು ನೋಡುವವರು ಕಾಲಿಗೆ ಹಾಕಿಕೊಳ್ಳುವ ಶೂ, ಸ್ಯಾಂಡಲ್ ಅಥವಾ ಚಪ್ಪಲಿಯೇ ಪ್ರವಾಸದ ಪಾದರಕ್ಷೆ. ಓಟದ ಶೂವಿಗೆ ಓಟವೊಂದೇ ಕೆಲಸ, ಚಾರಣದ ಬೂಟಿಗೆ ಕಾಡುದಾರಿ. ಇದರ ಪಾಡು ಹಾಗಲ್ಲ. ಉಡುಪಿ ಜಿಲ್ಲೆಯ ದಕ್ಷಿಣ ತುದಿಯ ಪಡುಬಿದ್ರಿಯಿಂದ ಬೆಳಿಗ್ಗೆ ಹೊರಟವರ ಕಾಲಿಗೆ ಸಂಜೆಯೊಳಗೆ ಕಡಲ ಮರಳು, ಕಾಪುವಿನ ಬಂಡೆ, ಉಡುಪಿ ರಥಬೀದಿಯ ಕಾದ ನೆಲ, ಕಾರ್ಕಳದ ಕರಿಕಲ್ಲು ಎಲ್ಲವೂ ತಾಗುತ್ತವೆ. ಇಷ್ಟು ಸಣ್ಣ ಸುತ್ತಿನಲ್ಲಿ ಇಷ್ಟು ಬಗೆಯ ನೆಲ ಸಿಗುವ ಊರುಗಳು ಕಡಿಮೆ. ನಡುನಡುವೆ ಗುಡಿ, ಬಸದಿಗಳ ಬಾಗಿಲಲ್ಲಿ ಪಾದರಕ್ಷೆಯನ್ನು ಬಿಚ್ಚಿ ಹಾಕುವ ಕೆಲಸವಂತೂ ಇದ್ದೇ ಇದೆ.

ಹೀಗಾಗಿ ಅಂಗಡಿಯವರು ಹೊಗಳುವ ಮೆತ್ತನೆಯ ಅಟ್ಟೆಗಿಂತ ಎರಡು ಗುಣಗಳು ಇಲ್ಲಿ ಮುಖ್ಯ. ಬಾಗದೆ, ಕೂರದೆ ಬಿಚ್ಚಿ ಹಾಕಲು ಬರಬೇಕು. ಒದ್ದೆಯಾದರೆ ಬೇಗ ಒಣಗಬೇಕು. ಹಿಮ್ಮಡಿಗೆ ಪಟ್ಟಿಯಿರುವ, ರಬ್ಬರ್ ಅಟ್ಟೆಯ ಸ್ಯಾಂಡಲ್ ಈ ಎರಡರಲ್ಲೂ ಲೇಸಿನ ಶೂವನ್ನು ಹಿಂದೆ ಹಾಕುತ್ತದೆ. ಬೆಲೆಬಾಳುವ ಸ್ಪೋರ್ಟ್ಸ್ ಶೂ ಹಾಕಿ ಬಂದವರು ಉಡುಪಿ ಕೃಷ್ಣಮಠದ ಚಪ್ಪಲಿ ಸ್ಟ್ಯಾಂಡಿನೆದುರು ಒಂಟಿ ಕಾಲಲ್ಲಿ ನಿಂತು ಲೇಸಿನ ಗಂಟು ಬಿಚ್ಚುವಷ್ಟರಲ್ಲಿ ಜೊತೆಯವರು ಕನಕನ ಕಿಂಡಿಯವರೆಗೆ ಹೋಗಿರುತ್ತಾರೆ.

ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ವರ್ಷ ದೇಶದ 8 ತೀರಗಳಿಗೆ ಈ ಗೌರವ ಬಂದಾಗ ಕರ್ನಾಟಕದಿಂದ ಇದರ ಜೊತೆಗಿದ್ದದ್ದು ಹೊನ್ನಾವರದ ಕಾಸರಕೋಡು. ಒಣ ಮರಳಿನಲ್ಲಿ ಕಾಲು ಪ್ರತಿ ಹೆಜ್ಜೆಗೂ ಹೂತು ಹಿಂದಕ್ಕೆ ಜಾರುವುದರಿಂದ ಮೀನಖಂಡ ಬೇಗ ಸೋಲುತ್ತದೆ. ಶೂ ಹಾಕಿದ್ದರೆ ಮರಳು ಒಳಗೆ ಸೇರಿ ಬೆವರಿನೊಂದಿಗೆ ಉಜ್ಜಿ ಬೆರಳ ಸಂದಿಯ ಚರ್ಮ ಕೀಳುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ಅಲೆ ತಾಗುವ ಗಟ್ಟಿ ಮರಳಿನ ಮೇಲೆ ನಡೆಯುವುದೇ ಇಲ್ಲಿ ಸುಖ. ಹೊರಡುವ ಮುನ್ನ ಸಿಹಿನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿ ಒರೆಸಿಕೊಂಡೇ ಚಪ್ಪಲಿ ಮೆಟ್ಟಬೇಕು. ಈ ಎರಡು ನಿಮಿಷ ಉಳಿಸಲು ಹೋದವರು ಮಧ್ಯಾಹ್ನ ಉಡುಪಿಯಲ್ಲಿ ಕುಂಟುತ್ತಾರೆ.

ಕಾಪುವಿನ ದೀಪಸ್ತಂಭ 1901ರದು. ಎತ್ತರ ಸುಮಾರು 27 ಮೀಟರ್, ನಿಂತಿರುವುದು ಕಡಲಂಚಿನ ಬಂಡೆಯ ಮೇಲೆ. ಬಂಡೆಯ ಬುಡದಲ್ಲಿ ಅಲೆ ಬಡಿಯುವ ಕಡೆ ಹಸಿರು ಪಾಚಿ ಇರುತ್ತದೆ. ದೀಪಸ್ತಂಭದ ಒಳಗೆ ಸುತ್ತು ಮೆಟ್ಟಿಲು. ತಳ ಸವೆದು ನುಣುಪಾದ ಹವಾಯಿ ಚಪ್ಪಲಿಗೆ ಇದಕ್ಕಿಂತ ಅಪಾಯದ ಜಾಗ ಈ ಸುತ್ತಿನಲ್ಲಿಲ್ಲ. ಒಂದು ಸುಲಭ ಪರೀಕ್ಷೆಯಿದೆ: ಅಟ್ಟೆಯ ತಳಕ್ಕೆ ಹೆಬ್ಬೆರಳಿನ ಉಗುರು ಒತ್ತಿದರೆ ತುಸು ತಗ್ಗಬೇಕು. ಗಾಜಿನಂತೆ ಗಟ್ಟಿಯಾಗಿದ್ದರೆ ಅದು ಒದ್ದೆ ಕಲ್ಲನ್ನು ಕಚ್ಚುವುದಿಲ್ಲ. ಪಾಚಿಯ ಮೇಲೆ ಮಾತ್ರ ಯಾವ ಅಟ್ಟೆಯನ್ನೂ ನಂಬಬಾರದು, ಸುತ್ತು ಹಾಕಿಯೇ ಹೋಗಬೇಕು. ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪದಲ್ಲಿಯೂ ಇದೇ ಎಚ್ಚರ ಬೇಕು. ಲಾವಾ ತಣ್ಣಗಾಗಿ ನಿಂತ ಅಲ್ಲಿನ ಕಲ್ಲುಕಂಬಗಳ ಅಂಚು ಚೂಪು, ತೀರದ ತುಂಬ ಚಿಪ್ಪಿನ ಚೂರು. ಬರಿಗಾಲಿಗೆ ಅದು ಸ್ಥಳವಲ್ಲ.

ಉಡುಪಿಯಲ್ಲಿ ನಡಿಗೆಗಿಂತ ನಿಲ್ಲುವುದೇ ಹೆಚ್ಚು. ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತಲಿನ ಅಷ್ಟಮಠಗಳು ಎಲ್ಲವೂ ಒಂದೇ ರಥಬೀದಿಯ ಆಸುಪಾಸಿನಲ್ಲಿರುವುದರಿಂದ ಚಪ್ಪಲಿಯನ್ನು ಒಂದು ಕಡೆ ಬಿಟ್ಟು ಬರಿಗಾಲಲ್ಲೇ ಎಲ್ಲ ಮುಗಿಸುವುದು ವಾಡಿಕೆ. ಬೆಳಿಗ್ಗೆಯಾದರೆ ಇದು ಹಿತ. ಬೇಸಿಗೆಯ ಹನ್ನೆರಡು ಗಂಟೆಗೆ ಬೀದಿ ಸುಡುತ್ತದೆ. ಚಪ್ಪಲಿ ಅದಲುಬದಲಾಗುವ ಭಯವಿದ್ದವರು ಜೋಡಿಯನ್ನು ಬೇರೆ ಬೇರೆ ಕಡೆ ಬಿಡುವ ಹಳೆಯ ಉಪಾಯ ಮಾಡುತ್ತಾರೆ. ಅದಕ್ಕಿಂತ ಟೋಕನ್ ಕೊಡುವ ಕೌಂಟರಿನಲ್ಲಿ ಬಿಡುವುದು ಅಥವಾ ಬಟ್ಟೆಚೀಲದಲ್ಲಿ ಹಾಕಿ ವಾಹನದಲ್ಲಿಡುವುದು ನೆಮ್ಮದಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ, ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯದ ಲೆಕ್ಕ ಮಾತ್ರ ಬೇರೆ. ಪೀಠವೇರುವ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು ಬಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಸಾಗುವಾಗ ಒಬ್ಬರ ಕಾಲು ಇನ್ನೊಬ್ಬರ ಕಾಲ ಮೇಲೆಯೇ ಬೀಳುತ್ತದೆ. ಆ ರಾತ್ರಿಗೆ ಬೆರಳು ಮುಚ್ಚುವ ಶೂವೇ ಸರಿ.

ಪಡುಬಿದ್ರಿಯಿಂದ ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಬಂದರೆ ನೆಲವೇ ಬದಲಾಗುತ್ತದೆ. ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಗೊಮ್ಮಟ ನಿಂತಿರುವುದು ಬೋಳು ಬಂಡೆಯ ಬೆಟ್ಟದ ಮೇಲೆ. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಬೆರಳು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿದು ಹೆಬ್ಬೆರಳಿನ ಉಗುರು ಶೂವಿನ ಮೂತಿಗೆ ಬಡಿಯುತ್ತದೆ. ಮರುದಿನ ಕಪ್ಪಾದ ಉಗುರು ನೋಡಿ ಅಳತೆ ಸಣ್ಣದೆಂದು ಗೊತ್ತಾಗುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು ಎನ್ನುವುದು ಇದಕ್ಕಾಗಿಯೇ. ಆ ಅತಿ ಉದ್ದದ ಬೆರಳು ಹಲವರಲ್ಲಿ ಹೆಬ್ಬೆರಳಲ್ಲ, ಅದರ ಪಕ್ಕದ್ದು.

ಮೂರ್ತಿಯ ಬಾಗಿಲಲ್ಲಿ ಪಾದರಕ್ಷೆ ಬಿಟ್ಟ ಮೇಲೆ ಕಾದ ಕಲ್ಲು ನೇರವಾಗಿ ಪಾದಕ್ಕೆ ತಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಇದು ನಿಜವಾದ ಗಂಡಾಂತರ: ಸುಟ್ಟದ್ದು ಗೊತ್ತಾಗುವುದಿಲ್ಲ, ರಾತ್ರಿ ಗುಳ್ಳೆ ಕಂಡಾಗಲೇ ತಿಳಿಯುತ್ತದೆ. ಅಂಥವರು ಬೆಳಿಗ್ಗೆಯೇ ಬೆಟ್ಟ ಹತ್ತಬೇಕು, ದಪ್ಪ ಕಾಲುಚೀಲ ಜೊತೆಗಿರಬೇಕು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವವರು ಬಿಸಿಲಿಗೆ ಕಾಲುಚೀಲ ಹಾಕಿಕೊಳ್ಳುವುದು ಹೊಸತಲ್ಲ. ಉಳಿದ ನಡಿಗೆಗೆ ಎಂ.ಸಿ.ಆರ್. ಚಪ್ಪಲಿ ಎಂದು ಕರೆಯುವ, ಸೂಕ್ಷ್ಮ ರಂಧ್ರಗಳ ಮೆತ್ತನೆ ರಬ್ಬರಿನದು ಅವರಿಗೆ ಯೋಗ್ಯ; ಹಿಮ್ಮಡಿಗೆ ಪಟ್ಟಿ ಇರಲಿ, ಬೆರಳ ಸಂದಿಯಲ್ಲಿ ಉಂಗುಷ್ಟ ಬೇಡ.

ಕೊಳ್ಳುವ ಹೊತ್ತು ಸಂಜೆ. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ, ಪ್ರವಾಸದಲ್ಲಿಯೂ ಅದೇ ಸ್ಥಿತಿ. ಅಂಗಡಿಯ ಬೆಂಚಿನಲ್ಲಿ ಕೂತು ಅಳತೆ ನೋಡಿದರೆ ಸಾಲದು, ಎದ್ದು ನಿಲ್ಲಬೇಕು: ದೇಹದ ಭಾರ ಬಿದ್ದೊಡನೆ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪವಾದ್ದರಿಂದ ದೊಡ್ಡ ಪಾದಕ್ಕೆ ಹೊಂದುವುದನ್ನೇ ಆರಿಸಬೇಕು. ಮುಂಗಾಲಿನ ಬಳಿ ಶೂ ಬಾಗಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡಿದಂತೆ ತಿರುಚಲು ಬಂದರೆ ಅದು ಕಲ್ಲುನೆಲಕ್ಕೆ ಆಗದು. ಹಿಮ್ಮಡಿ ಮೇಲೆ ಕೆಳಗೆ ಆಡುತ್ತಿದ್ದರೆ, ಮುಂದೆ ಸರಿಹೋಗುತ್ತದೆ ಎಂಬ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ.

ನಂಬರಿನ ಗೊಂದಲಕ್ಕೂ ಕಾರಣವಿದೆ. ಭಾರತದಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೆಯ ಒಂದು ಭಾಗದ ಅಂತರ, ಯುರೋಪಿನದರಲ್ಲಿ ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಎರಡೂ ಮುಖ್ಯವಾಗಿ ಉದ್ದವನ್ನಷ್ಟೇ ಹೇಳುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಾಗ, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರದಕ್ಕಿಂತ ಅಗಲ ಎಂದು ಕಂಡುಬಂತು. ‘ಭ’ ಹೆಸರಿನ ದೇಶೀ ಅಳತೆಯ ಪ್ರಸ್ತಾವ ಬಂದದ್ದು ಇದರಿಂದಲೇ. ಅಗಲ ಸಾಲದೆ ಒಂದು ನಂಬರು ದೊಡ್ಡದು ಕೊಂಡು, ಹಿಂದೆ ಸಡಿಲವಾಗಿ, ಹಿಮ್ಮಡಿ ಉಜ್ಜಿಸಿಕೊಳ್ಳುವವರ ಕಷ್ಟಕ್ಕೆ ಇದು ವಿವರಣೆ. ಅಗಲದ ಮೂತಿಯ ಮಾದರಿಯನ್ನೇ ಕೇಳಿ ತೆಗೆದುಕೊಂಡರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಚರ್ಮದ ಚಪ್ಪಲಿಯ ಮಾತೂ ಇಲ್ಲಿ ಬರಬೇಕು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿ ಭೌಗೋಳಿಕ ಸೂಚಕ ಸಿಕ್ಕಿದೆ. ಬಯಲುಸೀಮೆಯ ಒಣನೆಲದಲ್ಲಿ ಅದಕ್ಕೆ ಸಾಟಿಯಿಲ್ಲ. ಕರಾವಳಿಯ ಉಪ್ಪುನೀರು, ಮಳೆ ಮಾತ್ರ ಆ ಚರ್ಮಕ್ಕೆ ಆಗಿಬರುವುದಿಲ್ಲ: ನೆನೆದು ಹಿಗ್ಗುತ್ತದೆ, ಒಣಗಿ ಸೆಡೆಯುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕವೇ ಬೇರೆ. ಸೇಂಟ್ ಮೇರೀಸ್ ದ್ವೀಪದ ದೋಣಿ ನಿಲ್ಲುತ್ತದೆ, ಮುರಕಲ್ಲಿನ ಮೆಟ್ಟಿಲು, ಅಂಗಳಗಳು ಪಾಚಿಗಟ್ಟುತ್ತವೆ. ಹವಾಯಿ ಚಪ್ಪಲಿ ಹಾಕಿ ನಡೆದವರ ಪಂಚೆಯ ಹಿಂಭಾಗದಲ್ಲಿ, ಚೂಡಿದಾರದ ಬೆನ್ನಿನವರೆಗೆ, ಕೆಂಪು ಕೆಸರಿನ ಚುಕ್ಕೆಗಳ ಸಾಲೇ ಮೂಡಿರುತ್ತದೆ. ಹಿಮ್ಮಡಿ ಪಟ್ಟಿಯಿದ್ದರೆ ಅಟ್ಟೆ ಪಟಪಟ ಬಡಿಯದೆ ಈ ಕಾಟ ತಪ್ಪುತ್ತದೆ. ಹೆಬ್ರಿಯಾಚೆ ಕೂಡ್ಲುತೀರ್ಥದಂಥ ಘಟ್ಟದ ಜಾಗಗಳಿಗೆ ಮಾತ್ರ ಸ್ಯಾಂಡಲ್ ಬೇಡ. ಇಂಬಳ ಹತ್ತುವುದರಿಂದ ಪಟ್ಟು ಹಿಡಿಯುವ ತಳದ ಶೂ, ಪ್ಯಾಂಟಿನ ಅಂಚನ್ನು ಒಳಗೆ ಸೇರಿಸುವಷ್ಟು ಉದ್ದದ ಕಾಲುಚೀಲ ಬೇಕು.

ಗುಳ್ಳೆ ಏಳುವುದು ಉಜ್ಜಾಟದಿಂದ. ಒದ್ದೆ ಚರ್ಮ ಒಣಚರ್ಮಕ್ಕಿಂತ ಬೇಗ ಸೋಲುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಇಲ್ಲಿನ ಸೆಕೆಗೆ ತೆಳುವಾದ ಸಿಂಥೆಟಿಕ್ ಮಿಶ್ರಣದ್ದು ಮೇಲು, ಒಂದು ಜೊತೆ ಹೆಚ್ಚಿಗೆ ಚೀಲದಲ್ಲಿರಲಿ. ಹಿಮ್ಮಡಿ ಬಿಸಿಯಾಗಿ ಉರಿಯತೊಡಗಿದ ಕ್ಷಣವೇ ನಿಂತು ಮೆಡಿಕಲ್ ಟೇಪ್ ಅಂಟಿಸಿದರೆ ಗುಳ್ಳೆ ಏಳುವುದಿಲ್ಲ. ಎದ್ದಮೇಲೆ ಅದರ ಮೇಲಿನ ಚರ್ಮ ಕೀಳಬಾರದು, ಅದೇ ಗಾಯದ ಮುಚ್ಚಳ. ಹೊಸ ಜೋಡಿಯನ್ನು ಪ್ರವಾಸದ ದಿನವೇ ಹೊರತೆಗೆಯದೆ ಒಂದೆರಡು ವಾರ ಪೇಟೆ, ಬಸ್‌ಸ್ಟ್ಯಾಂಡು ಎಂದು ಹಾಕಿ ಪಳಗಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಔಷಧ.

ಹಳೆಯ ಜೋಡಿಯನ್ನು ನಂಬಿದವರಿಗೂ ಒಂದು ಎಚ್ಚರ. ಪಾಲಿಯುರೆಥೇನ್ ಅಟ್ಟೆಯ ಶೂವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟರೂ ಗಾಳಿಯ ತೇವ ಆ ವಸ್ತುವನ್ನು ನಿಧಾನವಾಗಿ ಒಡೆಯುತ್ತದೆ. ಕರಾವಳಿಯ ಮನೆಗಳಲ್ಲಿ ಇದು ಇನ್ನೂ ಬೇಗ. ನೋಡಲು ಹೊಸತರಂತಿರುವ ಶೂವಿನ ಅಟ್ಟೆ ನಡುದಾರಿಯಲ್ಲಿ ಕಳಚಿ ಪುಡಿಪುಡಿಯಾಗುವುದು ಇದರಿಂದಲೇ. ಹೊರಡುವ ವಾರದ ಮೊದಲೇ ಅಟ್ಟೆಯ ಅಂಚನ್ನು ಬಲವಾಗಿ ಒತ್ತಿ, ಬಾಗಿಸಿ ನೋಡಬೇಕು; ಬಿರುಕು ಬಿಟ್ಟರೆ ಅಥವಾ ಬೆರಳಿಗೆ ಅಂಟಿದರೆ ಅದನ್ನು ಬಿಟ್ಟುಬಿಡುವುದೇ ವಾಸಿ. ಬಿಟ್ಟುಕೊಂಡ ರಬ್ಬರ್ ಅಟ್ಟೆಯನ್ನು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರಿಂದ ಹತ್ತು ನಿಮಿಷದಲ್ಲಿ ಸರಿಮಾಡಿಸಬಹುದು, ಪುಡಿಯಾದ ಪಾಲಿಯುರೆಥೇನಿನಲ್ಲಿ ಅವರ ದಬ್ಬಳಕ್ಕೆ ಹಿಡಿತವೇ ಸಿಗುವುದಿಲ್ಲ.