ಅಂಬಾಸಿಡರ್ ಪ್ಲಗ್ಗಿನ ನಂಬರ್ ಕಥೆ

ನಾಲ್ಕು ದಿನದಿಂದ ಸೋನೆ ಮಳೆ ಹಿಡ್ಕೊಂಡಿದೆ. ರಾಗಿ ಹೊಲದಲ್ಲಿ ಕುಂಟೆ ಹೊಡೆಯೋ ಹಾಗಿಲ್ಲ, ತೋಟಕ್ಕೆ ಇಳಿದ್ರೆ ಕಾಲು ಹೂತ್ಕೊಳ್ಳುತ್ತೆ. ಅದಕ್ಕೇ ಈ ಸಲ ಬೆಳೆ ವಿಷಯ ಬಿಟ್ಟು ಕೊಟ್ಟಿಗೆ ಪಕ್ಕದ ಶೆಡ್ಡಿನ ವಿಷಯ ಬರೀತೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಶೆಡ್ಡಿನಲ್ಲಿ ನಮ್ಮಣ್ಣನ ಅಂಬಾಸಿಡರ್ ನಿಂತಿದೆ. 1978ರ ಪೆಟ್ರೋಲ್ ಗಾಡಿ, 1489 ಸಿಸಿ ಎಂಜಿನ್. ಅಣ್ಣ ತೀರಿಕೊಂಡು ಆರು ವರ್ಷ ಆಯ್ತು, ಗಾಡಿ ನಿಂತೂ ಅಷ್ಟೇ ವರ್ಷ. ಈಗ ಅಣ್ಣನ ಮಗ ದೀಪಾವಳಿ ಹೊತ್ತಿಗೆ ಅದನ್ನ ಓಡಿಸಲೇಬೇಕು ಅಂತ ಹಟ ಹಿಡಿದಿದ್ದಾನೆ. ಮೊನ್ನೆ ಮೊಬೈಲಲ್ಲಿ ಆರ್ಡರ್ ಮಾಡಿ ನಾಲ್ಕು ಸ್ಪಾರ್ಕ್ ಪ್ಲಗ್ ತರಿಸಿದ್ದ. ಇರಿಡಿಯಂ ತುದಿಯ ದುಬಾರಿ ಮಾಲು. "ಚಿಕ್ಕಪ್ಪ, ನಂಬರ್ ದೊಡ್ಡದೇ ನೋಡಿ ತರಿಸಿದ್ದೀನಿ, ಪವರ್ ಚೆನ್ನಾಗಿರುತ್ತೆ" ಅಂದ.

ನನಗೆ ಎದೆ ಝಲ್ ಅಂತು. ಮೂವತ್ತು ವರ್ಷದ ಹಿಂದೆ ಇದೇ ಮಾತನ್ನ ನಾನೂ ಆಡಿದ್ದೆ. ಆ ಮಾತಿಗೆ ನಮ್ಮನೆಯಿಂದ ಒಂದು ಜೊತೆ ಹೋರಿ ಹೋದ್ವು. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಈ ಪ್ಲಗ್ ಅನ್ನೋದು ಎಲ್ಲಿಂದ ಬಂತು, ಅದರ ಮೇಲಿನ ನಂಬರ್ ಯಾಕೆ ಇಷ್ಟು ಗೊಂದಲ ಅನ್ನೋದನ್ನ ನೋಡೋಣ. ಅದು ಗೊತ್ತಾದ್ರೆ ಹಳೇ ಗಾಡಿಗೆ ಪ್ಲಗ್ ಆರಿಸೋದು ಸುಲಭ.

1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾರ್ ಅನ್ನೋನು ಗ್ಯಾಸಿನಿಂದ ಓಡೋ ಎಂಜಿನ್ ಮಾಡಿದ. ಆ ಗ್ಯಾಸಿಗೆ ಒಳಗೇ ಬೆಂಕಿ ಹಚ್ಚೋಕೆ ಬ್ಯಾಟರಿ, ಕಾಯಿಲ್ ಇಟ್ಟು, ಪಿಂಗಾಣಿ ಒಳಗಿಂದ ತಂತಿ ತೂರಿಸಿ ಕಿಡಿ ಹಾರಿಸಿದ. ಇವತ್ತಿನ ಪ್ಲಗ್ಗಿನ ಮೂಲ ಅದು. ಆದ್ರೆ ಅದು ನಿಧಾನದ ಎಂಜಿನ್. ಆಮೇಲೆ ಡೈಮ್ಲರ್, ಬೆಂಜ್ ಕಾಲದಲ್ಲಿ ಎಂಜಿನ್ ವೇಗ ಹೆಚ್ಚಾಯ್ತು, ಕಿಡಿ ಕೊಡೋದೇ ದೊಡ್ಡ ತಲೆನೋವಾಯ್ತು. ಡೈಮ್ಲರ್ ಕಡೆಯವರು ಕಿಡಿ ಸಹವಾಸವೇ ಬೇಡ ಅಂತ, ಹೊರಗಿಂದ ಕೆಂಪಗೆ ಕಾಯಿಸಿದ ಕೊಳವೆ ಇಟ್ಟು ಕೆಲಸ ತೆಗೆದರು. ಅದರಲ್ಲಿ ಬೆಂಕಿ ಯಾವಾಗ ಹತ್ತಬೇಕು ಅನ್ನೋದನ್ನ ಹಿಡಿತದಲ್ಲಿ ಇಟ್ಟುಕೊಳ್ಳೋದು ಕಷ್ಟ ಆಗ್ತಿತ್ತು.

1902ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮಾಡಿ, ಅದಕ್ಕೆ ಹೊಂದೋ ಪ್ಲಗ್ ಜೊತೆ ಕೊಟ್ಟ. ಕಿಡಿ ಹಾರಿಸೋ ತಲೆನೋವು ಹೆಚ್ಚು ಕಡಿಮೆ ಅಲ್ಲಿಗೆ ತೀರಿತು.

ಮುಂದಿನ ಸಮಸ್ಯೆ ಬಿಸಿ. ಪಿಂಗಾಣಿ ಒಡೆದುಹೋಗ್ತಿತ್ತು. ವಿಮಾನಕ್ಕೆ, ರೇಸ್ ಗಾಡಿಗೆ ಪಿಂಗಾಣಿ ಬದಲು ಅಭ್ರಕ ಹಾಕಿದರು. ನಾವು ಕಾಗೆಬಂಗಾರ ಅಂತೀವಲ್ಲ, ಅದೇ. ಆ ಕಾಲಕ್ಕೆ ಜಗತ್ತಿಗೆ ಒಳ್ಳೇ ಹಾಳೆ ಅಭ್ರಕ ಹೆಚ್ಚಾಗಿ ಹೋಗ್ತಿದ್ದದ್ದು ನಮ್ಮ ದೇಶದಿಂದ. ಕೊಡರ್ಮಾ, ನೆಲ್ಲೂರು ಕಡೆ ಗಣಿಗಳು. 1920ರ ದಶಕದಲ್ಲಿ ಅಮೆರಿಕದವರು ಎಂಜಿನ್ ಬಡಿಯೋದು ನಿಲ್ಲಲಿ ಅಂತ ಪೆಟ್ರೋಲಿಗೆ ಸೀಸ ಬೆರೆಸಿದರು. ಸೀಸದ ಮುಂದೆ ಅಭ್ರಕ ನಿಲ್ಲಲಿಲ್ಲ. 1930ರ ದಶಕದಲ್ಲಿ ಅಲ್ಯೂಮಿನಾ ಅನ್ನೋ ಗಟ್ಟಿ ಪಿಂಗಾಣಿ ಬಂತು. ಇವತ್ತಿನ ಪ್ಲಗ್ಗಿನ ಬಿಳೀ ಮೈ ಅದೇ.

ಜಪಾನಿನ ಎನ್‌ಜಿಕೆ ಕಂಪನಿ 1936ರಲ್ಲಿ ನಗೋಯಾದಲ್ಲಿ ಶುರುವಾದದ್ದೂ ಪಿಂಗಾಣಿ ಮಾಡೋರ ಮನೆಯಿಂದಲೇ. ಕರೆಂಟ್ ಕಂಬದ ಮೇಲೆ ಬಿಳೀ ಪಿಂಗಾಣಿ ಬಟ್ಟಲು ಇರುತ್ತಲ್ಲ, ಅಂಥದ್ದನ್ನ ಮಾಡ್ತಿದ್ದ ಕಂಪನಿಯಿಂದ ಪ್ಲಗ್ ವಿಭಾಗ ಬೇರೆ ಆಯ್ತು. ನಮ್ಮ ಪಂಪ್‌ಸೆಟ್ಟಿನ ಕಂಬವೂ ಕಾರಿನ ಪ್ಲಗ್ಗೂ ಒಂದು ರೀತಿಯಲ್ಲಿ ದಾಯಾದಿಗಳು.

ಅಮೆರಿಕದ ಕಥೆ ಇನ್ನೂ ಮಜಾ. ಆಲ್ಬರ್ಟ್ ಚಾಂಪಿಯನ್ ಅನ್ನೋ ಫ್ರೆಂಚ್ ಸೈಕಲ್ ರೇಸಿನವನು ಅಲ್ಲಿ ಪ್ಲಗ್ ಕಂಪನಿ ಕಟ್ಟಿದ. ಜೊತೆಗಾರರನ್ನ ಬಿಟ್ಟು ಹೊರಗೆ ಬಂದಾಗ ಅವನ ಹೆಸರೇ ಅವನ ಕೈ ತಪ್ಪಿತು. ಚಾಂಪಿಯನ್ ಅನ್ನೋ ಹೆಸರು ಜೊತೆಗಾರರಿಗೆ ಉಳೀತು, ಇವನು ಬರೀ ಎ.ಸಿ. ಅನ್ನೋ ಎರಡಕ್ಷರ ಇಟ್ಟುಕೊಂಡು ವ್ಯಾಪಾರ ಮಾಡಿದ. ಎರಡು ಹೆಸರಿನ ಪ್ಲಗ್ಗೂ ಲೋಕ ಸುತ್ತಿದವು.

ಇನ್ನು ನಮ್ಮೂರಿನ ಕಡೆಗೆ ಬರೋಣ. 1951ರಲ್ಲಿ ಬೆಂಗಳೂರಿನಲ್ಲಿ ಬಾಷ್ ಜೊತೆ ಸೇರಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯ್ತು. ಅದೇ ಮೈಕೋ. ಆಡುಗೋಡಿ ಕಾರ್ಖಾನೆಯಲ್ಲಿ ಪ್ಲಗ್ಗು, ಡೀಸೆಲ್ ಪಂಪು ತಯಾರಾದವು. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯ್ತು, ಆದ್ರೆ ಮೈಕೋ ಲೇಔಟ್ ಅನ್ನೋ ಹೆಸರು ಬೆಂಗಳೂರಲ್ಲಿ ಇವತ್ತಿಗೂ ಇದೆ. ನಮ್ಮ ಕಡೆ ಹಳಬರಿಗೆ ಪ್ಲಗ್ ಅಂದ್ರೆ ಮೈಕೋ. ಮೈಸೂರಿನ ಎಜ್ಡಿ ಬೈಕ್ ಇಟ್ಟವರ ಜೇಬಲ್ಲಿ ಒಂದು ಮೈಕೋ ಪ್ಲಗ್ ಇದ್ದೇ ಇರ್ತಿತ್ತು. ಎಣ್ಣೆ ಬೆರೆಸಿದ ಪೆಟ್ರೋಲ್ ಸುಡೋ ಎಂಜಿನ್ನು, ಪ್ಲಗ್ ಕಪ್ಪು ಹಿಡಿದು ನಿಲ್ತಿತ್ತು.

ಈಗ ನಂಬರ್ ವಿಷಯ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಮೇಲೆ ಕಾಯಬೇಕು. ಆಗ ಮಸಿ ತಾನೇ ಸುಟ್ಟುಹೋಗುತ್ತೆ. 850 ಡಿಗ್ರಿ ದಾಟಿ ಇನ್ನೂ ಕಾದ್ರೆ ತುದಿಯೇ ಕೆಂಡ ಆಗಿ, ಕಿಡಿ ಬರೋ ಮುಂಚೆಯೇ ಪೆಟ್ರೋಲಿಗೆ ಬೆಂಕಿ ಹತ್ತಿಸುತ್ತೆ. ಪಿಸ್ಟನ್ ಮೇಲಕ್ಕೆ ಬರ್ತಿರುವಾಗಲೇ ಮೇಲಿಂದ ಏಟು ಬೀಳುತ್ತೆ. ಅದಕ್ಕೇ ಎಂಜಿನ್ನಿಗೆ ತಕ್ಕಂತೆ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂತ ಮಾಡ್ತಾರೆ. ಕಿಡಿ ಎರಡರಲ್ಲೂ ಒಂದೇ. ಬಿಸಿ ಹೊರಗೆ ಹೋಗೋ ದಾರಿ ಮಾತ್ರ ಬೇರೆ. ಗದ್ದೆ ನೀರು ಬಸಿಯೋ ಕಾಲುವೆ ಗಿಡ್ಡ ಇದ್ರೆ ನೀರು ಬೇಗ ಹೋಗುತ್ತೆ, ಸುತ್ತಿ ಬಳಸಿ ಹೋದ್ರೆ ನಿಲ್ಲುತ್ತೆ. ಹಾಗೇ ಒಳಗಿನ ಪಿಂಗಾಣಿ ಮೂಗು ಗಿಡ್ಡ ಇದ್ರೆ ತಣ್ಣನೆ ಪ್ಲಗ್, ಉದ್ದ ಇದ್ರೆ ಬಿಸಿ ಪ್ಲಗ್. ಭಾರ ಎಳೆಯೋ, ವೇಗದ ಎಂಜಿನ್ನಿಗೆ ತಣ್ಣನೆಯದು. ನಿಧಾನಕ್ಕೆ, ಹತ್ತಿರಕ್ಕೆ ಓಡೋದಕ್ಕೆ ಸ್ವಲ್ಪ ಬಿಸಿಯದು.

ಈ ಬಿಸಿ ತಣ್ಣನೆಗೆ ನಂಬರ್ ಕೊಡೋದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣಗೆ. ಚಾಂಪಿಯನ್‌ನಲ್ಲಿ ದೊಡ್ಡದಾದಷ್ಟೂ ಬಿಸಿ. ಬಾಷ್ ಲೆಕ್ಕ ಕಾಲಕ್ಕೆ ತಕ್ಕ ಹಾಗೆ ತಿರುಗಿತು. ಹಳೇ ಕಾಲದಲ್ಲಿ 145, 175, 225 ಅಂತ ಮೂರಂಕಿ ಇರ್ತಿತ್ತು, ದೊಡ್ಡದು ತಣ್ಣಗೆ. ಆಮೇಲೆ ಒಂದಂಕಿಗೆ ಬಂದರು. 145 ಇದ್ದದ್ದು 8 ಆಯ್ತು, 175 ಇದ್ದದ್ದು 7 ಆಯ್ತು, 225 ಇದ್ದದ್ದು 5 ಆಯ್ತು. ಅಂದ್ರೆ ಹೊಸ ಲೆಕ್ಕದಲ್ಲಿ ದೊಡ್ಡ ನಂಬರ್ ಬಿಸಿ. ಪೂರ್ತಿ ಉಲ್ಟಾ!

ಇದು ಗೊತ್ತಿಲ್ಲದೆ ನಾನು ಕೆಟ್ಟೆ. 1994, ಮೇ ತಿಂಗಳು. ಅಣ್ಣ ಗಾಡಿಯನ್ನ ಬಾಡಿಗೆಗೆ ಬಿಡ್ತಿದ್ದ. ಮದುವೆ, ಆಸ್ಪತ್ರೆ, ಧರ್ಮಸ್ಥಳ. ನಾನು ಬೆಂಗಳೂರಿಗೆ ಹೋಗೋನಿದ್ದೆ, ಜೆ.ಸಿ. ರೋಡಲ್ಲಿ ನಾಲ್ಕು ಪ್ಲಗ್ ತಗೊಂಡು ಬಾ ಅಂದ. ಹಳೇ ಪ್ಲಗ್ ಒಂದನ್ನ ಕಾಗದದಲ್ಲಿ ಸುತ್ತಿ ಕೊಟ್ಟಿದ್ದ, ಅದರ ಮೇಲೆ ಮೂರಂಕಿ ನಂಬರ್. ಅಂಗಡಿಯಲ್ಲಿ ಹೊಸ ಡಬ್ಬಿಗಳ ಮೇಲೆ ಒಂದಂಕಿ. ಮರೆ ಅಳತೆ ಹೊಂದಿಸಿ ನೋಡಿ, ಯಾವ ನಂಬರ್ ಬೇಕು ಅಂತ ಕೇಳಿದ್ರು. ಎಸ್ಸೆಸ್ಸೆಲ್ಸಿ ಪಾಸಾದ ಗತ್ತು ನನಗೆ. ಹಳೇದರಲ್ಲೇ ಇನ್ನೂರು ಚಿಲ್ಲರೆ ಇದೆ, ದೊಡ್ಡದೇ ಇರಲಿ ಅಂತ 9 ತಗೊಂಡೆ. ಕೇಳಿದವರ ತಪ್ಪಲ್ಲ, ಹೇಳಿದವನ ತಪ್ಪು.

ಊರೊಳಗೆ ಗಾಡಿ ಚೆನ್ನಾಗೇ ಓಡ್ತು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟು. ಒಂದೆರಡು ಸಲ ಕೀ ತೆಗೆದ ಮೇಲೂ ಎಂಜಿನ್ ನಾಲ್ಕು ಸಲ ಗುಟುರು ಹಾಕಿ ನಿಲ್ತಿತ್ತು. ಅದೇ ಸೂಚನೆ, ನಮಗೆ ತಿಳೀಲಿಲ್ಲ. ಮುಂದಿನ ವಾರ ಆರು ಜನ, ಮೇಲೆ ಲಗೇಜು ಹಾಕ್ಕೊಂಡು ಧರ್ಮಸ್ಥಳಕ್ಕೆ ಹೋದ ಅಣ್ಣ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋ ಹೊತ್ತಿಗೆ ಎಂಜಿನ್ ಒಳಗೆ ಮೊಳೆ ಅಲ್ಲಾಡಿಸಿದ ಹಾಗೆ ಟಿಕಿಟಿಕಿ ಸದ್ದು. ಸಕಲೇಶಪುರ ಇನ್ನೂ ದೂರ ಇರುವಾಗಲೇ ಹಿಂದೆ ನೀಲಿ ಹೊಗೆ, ಗಾಡಿಗೆ ಶಕ್ತಿಯೇ ಇಲ್ಲ. ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ ತಲೆ ಮೇಲೆ ಹೆಬ್ಬೆಟ್ಟು ಹೋಗೋಷ್ಟು ತೂತು.

ಮದುವೆ ಸೀಸನ್ ಪೂರ್ತಿ ಗಾಡಿ ಗ್ಯಾರೇಜಲ್ಲಿ. ಒಪ್ಪಿಕೊಂಡಿದ್ದ ಬಾಡಿಗೆಗಳು ಬೇರೆಯವರಿಗೆ ಹೋದ್ವು. ರಿಪೇರಿಗೆ ದುಡ್ಡಿಲ್ಲದೆ ಹಳ್ಳಿಕಾರ್ ಹೋರಿ ಜೊತೆಯನ್ನ ಮಾರಿದೆವು. ಆ ವರ್ಷ ಉಳುಮೆ ಬೇರೆಯವರ ನೇಗಿಲಲ್ಲಿ. ಗ್ಯಾರೇಜಿನ ಹಿರಿ ಮೇಸ್ತ್ರಿ ಪ್ಲಗ್ ಕೈಲಿ ಹಿಡಿದು, ತುದಿ ಸುಣ್ಣದ ಹಾಗೆ ಬೆಳ್ಳಗೆ ಸುಟ್ಟು ಕರಗಿರೋದನ್ನ ತೋರಿಸಿ, ಈ ನಂಬರಿನ ಉಲ್ಟಾ ಲೆಕ್ಕ ನನಗೆ ಹೇಳಿಕೊಟ್ಟರು. ಅಣ್ಣ ಒಂದು ಮಾತು ಬೈಯಲಿಲ್ಲ. ಆ ಪ್ಲಗ್ಗನ್ನ ಶೆಡ್ಡಿನ ಗೂಡಲ್ಲಿ ಇಟ್ಟ. ಅವನು ಇರೋವರೆಗೂ ಅದು ಅಲ್ಲೇ ಇತ್ತು, ಈಗಲೂ ಇದೆ.

ಮೊನ್ನೆ ಅದನ್ನ ತೆಗೆದು ಹುಡುಗನ ಕೈಗೆ ಕೊಟ್ಟೆ. ಆಮೇಲೆ ಇಬ್ಬರೂ ಕೂತು ಸರಿಯಾದ ಪ್ಲಗ್ ಆರಿಸಿದೆವು. ಹೇಗೆ ಅಂತ ಬರೀತೀನಿ, ಹಳೇ ಗಾಡಿ ಇರೋರಿಗೆ ಉಪಯೋಗ ಆಗಬಹುದು.

ಮೊದಲು ಗಾಡಿಯ ಪುಸ್ತಕ. ಅಂಬಾಸಿಡರಿನ ಈ ಎಂಜಿನ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಅದಕ್ಕೆ ಹೇಳಿದ್ದ ಪ್ಲಗ್ ಚಾಂಪಿಯನ್ ಎನ್5. ಆ 5 ಚಾಂಪಿಯನ್ ಲೆಕ್ಕದ 5, ಬಾಷ್ ಲೆಕ್ಕದ್ದಲ್ಲ, ಎನ್‌ಜಿಕೆ ಲೆಕ್ಕದ್ದೂ ಅಲ್ಲ. ಬೇರೆ ಕಂಪನಿ ಪ್ಲಗ್ ಹಾಕೋದಾದ್ರೆ ಆ ಕಂಪನಿಯ ಹೋಲಿಕೆ ಪಟ್ಟಿ ನೋಡಿಯೇ ತಗೋಬೇಕು, ನಂಬರ್ ನೋಡಿ ಅಂದಾಜು ಮಾಡಬಾರದು.

ಎರಡನೇದು ಮರೆ. ದಪ್ಪ 14 ಮಿಲಿಮೀಟರ್, ಉದ್ದ 19 ಮಿಲಿಮೀಟರ್. ಇದೇ ದಪ್ಪದಲ್ಲಿ 12.7 ಮಿಲಿಮೀಟರ್ ಉದ್ದದ ಗಿಡ್ಡ ಮರೆ ಪ್ಲಗ್ಗೂ ಸಿಗುತ್ತೆ, ಸಲೀಸಾಗಿ ತಿರುಗುತ್ತೆ ಕೂಡ. ಆದ್ರೆ ಕಿಡಿ ತೂತಿನ ಒಳಗೇ ಉಳಿಯುತ್ತೆ, ಖಾಲಿ ಮರೆಗೆ ಮಸಿ ಕಟ್ಟುತ್ತೆ, ಆಮೇಲೆ ಸರಿಯಾದ ಪ್ಲಗ್ ಹೋಗೋದೇ ಇಲ್ಲ. ಗಿಡ್ಡ ಮರೆ ಬೇಕಾದ ಗಾಡಿಗೆ ಉದ್ದದ್ದು ಹಾಕಿದ್ರೆ ಇನ್ನೂ ಅಪಾಯ, ಒಳಗೆ ಪಿಸ್ಟನ್ನಿಗೋ ವಾಲ್ವಿಗೋ ಬಡಿಯಬಹುದು.

ಮೂರನೇದು ಸಂದು. ಈ ಎಂಜಿನ್ನಿಗೆ 0.025 ಇಂಚು, ಅಂದ್ರೆ ಸುಮಾರು 0.64 ಮಿಲಿಮೀಟರ್. ಫೀಲರ್ ಗೇಜ್ ಹಾಕಿ ನೋಡಲೇಬೇಕು. ಹುಡುಗ ತರಿಸಿದ ಪ್ಲಗ್ಗಿನ ಸಂದು 1.1 ಇತ್ತು. ಅದು ಎಲೆಕ್ಟ್ರಾನಿಕ್ ಕಾಯಿಲಿನ ಹೊಸ ಕಾರಿಗೆ ಮಾಡಿದ್ದು. ನಮ್ಮದು ಪಾಯಿಂಟು, ಕಂಡೆನ್ಸರಿನ ಹಳೇ ಕಾಯಿಲು, ಅಷ್ಟು ದೂರ ಕಿಡಿ ಹಾರಿಸೋಕೆ ತಿಣುಕುತ್ತೆ. ಇರಿಡಿಯಂ ತುದಿಯನ್ನ ಬಗ್ಗಿಸಿ ಸರಿ ಮಾಡೋಕೆ ಹೋದ್ರೆ ಸೂಜಿಯಂಥ ತುದಿ ಮುರಿಯುತ್ತೆ. ಈ ಗಾಡಿಗೆ ಸಾದಾ ನಿಕ್ಕಲ್ ತುದಿ ಪ್ಲಗ್ ಸಾಕು.

ನಾಲ್ಕನೇದು ಆರ್ ಅನ್ನೋ ಅಕ್ಷರ. ರೇಡಿಯೋ ಗೊರಗೊರ ಅನ್ನದೇ ಇರಲಿ ಅಂತ ಒಳಗೆ ರೆಸಿಸ್ಟರ್ ಇಟ್ಟಿರ್ತಾರೆ. ಹೊಸ ಗಾಡಿಗೆ ಅದು ಬೇಕೇ ಬೇಕು. ಪಾಯಿಂಟ್ ಇರೋ ಹಳೇ ಗಾಡಿ ಇಲ್ಲದೆಯೂ ಓಡುತ್ತೆ. ಇದ್ರೂ ನಡೆಯುತ್ತೆ, ಆದ್ರೆ ವೈರಲ್ಲೂ ಕ್ಯಾಪಲ್ಲೂ ರೆಸಿಸ್ಟರ್ ಇದ್ದು ಪ್ಲಗ್ಗಲ್ಲೂ ಬಂದ್ರೆ ಕಿಡಿ ಬಡವಾಗುತ್ತೆ.

ಕೊನೇದು ಬಣ್ಣ. ಓಡಿಸಿ ಬಂದ ಮೇಲೆ, ಎಂಜಿನ್ ತಣ್ಣಗಾದಾಗ ಬಿಚ್ಚಿ ನೋಡಿ. ತಿಳಿ ಕಂದು ಇದ್ರೆ ಸರಿ. ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ ಅಥವಾ ಪ್ಲಗ್ ತೀರಾ ತಣ್ಣಗೆ. ಜಿಡ್ಡು ಅಂದ್ರೆ ಆಯಿಲ್ ಮೇಲೆ ಬರ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ರೆ ಅಲ್ಲೇ ನಿಲ್ಲಿಸಿ. ಒಂದು ಮಾತು, ಹಳೇ ಮೇಸ್ತ್ರಿಗಳ ಬಣ್ಣದ ಲೆಕ್ಕ ಸೀಸದ ಪೆಟ್ರೋಲ್ ಕಾಲದ್ದು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ. ಈಗ ಅದಕ್ಕೆ ಎಥೆನಾಲ್ ಬೇರೆ ಸೇರಿದೆ, ಕಾರ್ಬುರೇಟರ್ ಗಾಡಿಯಲ್ಲಿ ಮಿಶ್ರಣ ತೆಳ್ಳಗಾಗಿ ತುದಿ ಮೊದಲಿಗಿಂತ ಬಿಳುಪಾಗಿ ಕಾಣುತ್ತೆ. ಹಾಗಂತ ಗಾಬರಿಯಿಂದ ಪ್ಲಗ್ ನಂಬರ್ ಬದಲಾಯಿಸಬೇಡಿ, ಮೊದಲು ಕಾರ್ಬುರೇಟರ್ ನೋಡಿಸಿ.

ಹಾಕುವಾಗ ಮೊದಲು ಬರಿಗೈಯಲ್ಲೇ ಪೂರ್ತಿ ತಿರುಗಿಸಿ, ಕೊನೆಗೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ. ವೈರ್ ಕೀಳುವ ಮುಂಚೆ ಗುರುತು ಹಾಕ್ಕೊಳ್ಳಿ. ಈ ಎಂಜಿನ್ನಿನ ಕಿಡಿ ಸರದಿ 1, 3, 4, 2.

ನಿನ್ನೆ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದೆವು. ಏಳೆಂಟು ಸಲ ಕೆಮ್ಮಿ, ಬಿಳೀ ಹೊಗೆ ಬಿಟ್ಟು ಸ್ಟಾರ್ಟ್ ಆಯ್ತು. ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತ್ಕೊಂಡ್ರು, ಏನೂ ಮಾತಾಡಲಿಲ್ಲ. ಹುಡುಗ ಕೀ ತೆಗೆದ. ಎಂಜಿನ್ ತಕ್ಷಣ ನಿಲ್ತು, ಗುಟುರು ಹಾಕಲಿಲ್ಲ. ನಾನು ಅದನ್ನೇ ಕಿವಿಗೊಟ್ಟು ಕೇಳ್ತಿದ್ದೆ.

ಸುಟ್ಟ ಪ್ಲಗ್ಗನ್ನ ಮತ್ತೆ ಗೂಡಲ್ಲೇ ಇಟ್ಟಿದ್ದೀನಿ. ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ, ಸ್ಪ್ರೇಯರ್ ಎಂಜಿನ್ ಇದ್ರೆ ಯಾವ ಪ್ಲಗ್ ಹಾಕ್ತೀರಿ ಅಂತ ಬರೀರಿ. ಬಿಸಿಲು ಬಂದ್ರೆ ಮುಂದಿನ ವಾರ ರಾಗಿ ಕಳೆ ವಿಷಯ.